ಪಿಂಕ್ ಫ್ಲಾಯ್ಡ್‌ನ ಸಿನಿಮಾ ಹಾಡುಗಳನ್ನ ಹುಡುಕಿ ಕೇಳೋದು ಹೇಗೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಆಲ್ಬಂಗಳು 'ಡಾರ್ಕ್ ಸೈಡ್ ಆಫ್ ದ ಮೂನ್', 'ದ ವಾಲ್', ಇಲ್ಲಾಂದ್ರೆ 'ವಿಶ್ ಯು ವರ್ ಹಿಯರ್'. ಆದ್ರೆ ಅಷ್ಟು ದೊಡ್ಡ ಹೆಸರಾಗೋಕೆ ಮುಂಚೆ ಇವರು ಸಿನಿಮಾಗಳಿಗೆ ಅಂತ ಮಾಡಿಕೊಟ್ಟ ಹಾಡುಗಳು ಒಂದು ರಾಶಿ ಇವೆ, ಫ್ಯಾನ್ಸ್ ಅಂತ ಹೇಳ್ಕೊಳ್ಳೋರಲ್ಲೂ ಸುಮಾರು ಜನ ಅದನ್ನ ಕೇಳಿರಲ್ಲ. ಆಮೇಲೆ ಬಂದ ದೊಡ್ಡ ಹಾಡುಗಳ ಬೇರು ಇಲ್ಲೇ ಇದೆ ಅನ್ನೋದು ನನ್ನ ನಂಬಿಕೆ, ಅದಕ್ಕೇ ಹೀಗೊಂದು ವರಸೆಯಲ್ಲಿ ಕೇಳಿ ನೋಡಿ.

ಮೊದ್ಲು 'ಮೋರ್' ಹಾಕಿ. 1969ರ ಸಿನಿಮಾ, ಬಾರ್ಬೆ ಶ್ರೋಡರ್ ಡೈರೆಕ್ಟರ್, ಇಬಿಜಾ ದ್ವೀಪದಲ್ಲಿ ಹೆರಾಯಿನ್‌ಗೆ ಬಿದ್ದು ಹಾಳಾಗೋ ಹುಡುಗನ ಕಥೆ. ಶುರುವಲ್ಲಿ ಬ್ಯಾಂಡ್‌ನ ಮುಖ್ಯ ಹಾಡುಗಾರನಾಗಿದ್ದ ಸಿಡ್ ಬ್ಯಾರೆಟ್ ಒಂಚೂರೂ ಇಲ್ದೆ ಬ್ಯಾಂಡ್ ಮಾಡಿದ ಮೊದಲ ಆಲ್ಬಂ ಇದೇ, ಹಾಡಿರೋದೆಲ್ಲ ಗಿಟಾರ್ ನುಡಿಸೋ ಡೇವಿಡ್ ಗಿಲ್ಮೋರ್. ಸೀನ್ ಎಷ್ಟು ಹೊತ್ತು ಇದೆ ಅಂತ ಸ್ಟಾಪ್‌ವಾಚ್ ಹಿಡ್ಕೊಂಡು ಅಳೆದು ಅಷ್ಟಕ್ಕೆ ಮ್ಯೂಸಿಕ್ ಮಾಡಿದ್ರಂತೆ. ಮನೇಲಿ ಎಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು 'ಸಿರಸ್ ಮೈನರ್' ಕೇಳಿ, ಫೋನ್ ಸ್ಪೀಕರಲ್ಲಿ ಬೇಡ. ಶುರುವಲ್ಲಿ ಬರೀ ಹಕ್ಕಿಗಳ ದನಿ, ಏನೋ ಹಾಡೇ ಬರ್ತಿಲ್ವಲ್ಲ ಅಂತ ಮುಂದಕ್ಕೆ ಓಡಿಸ್ಬೇಡಿ, ಆಮೇಲೆ ಮೆಲ್ಲಗೆ ಗಿಟಾರ್, ಗಿಲ್ಮೋರ್ ಕಿವಿ ಹತ್ರಾನೇ ಬಂದು ಹೇಳ್ದಂಗೆ ಹಾಡ್ತಾನೆ, ಮಾತು ಮುಗಿದ ಮೇಲೆ ಬ್ಯಾಂಡ್‌ನ ಕೀಬೋರ್ಡ್ ವಾದಕ ರಿಕ್ ರೈಟ್‌ನ ಆರ್ಗನ್ ನಿಧಾನಕ್ಕೆ ಕೋಣೆ ತುಂಬ್ಕೊಳ್ಳುತ್ತೆ, ಇಡೀ ಹಾಡಲ್ಲಿ ಡ್ರಮ್ಸೇ ಇಲ್ಲ. ಅದರ ಹಿಂದೇನೇ ಬರೋದು 'ದ ನೈಲ್ ಸಾಂಗ್', ಈಗಷ್ಟೇ ಪಿಸುಗುಟ್ಟಿದ ಅದೇ ಗಂಟಲು ಹರಿದು ಹೋಗೋ ಹಾಗೆ ಕೂಗುತ್ತೆ. ಈ ಎರಡನ್ನ ಬಿಡಿಸಿ ಕೇಳ್ಬೇಡಿ, ಜೋಡೀಲೇ ಮಜಾ ಇರೋದು.

ಒಂದು ವಿಷಯ ನೆನಪಿಟ್ಕೊಳ್ಳಿ, ಸಿನಿಮಾದಲ್ಲಿ ಇರೋದೆಲ್ಲ ಆಲ್ಬಂನಲ್ಲಿ ಇರಲ್ಲ. 'ಮೋರ್' ಸಿನಿಮಾದ 'ಹಾಲಿವುಡ್' ಅನ್ನೋ ತುಣುಕು ಆಲ್ಬಂಗೆ ಸೇರಿರ್ಲಿಲ್ಲ, 2016ರಲ್ಲಿ ಬಂದ 'ದ ಅರ್ಲಿ ಇಯರ್ಸ್' ಬಾಕ್ಸ್ ಸೆಟ್‌ನಲ್ಲಿ ಸಿಗುತ್ತೆ. ಬರೀ ಬ್ಯಾಂಡ್ ಹೆಸರು ಹಾಕಿ ಹುಡುಕಿ ಸುಮ್ಮನಾಗ್ಬೇಡಿ, ಸಿನಿಮಾ ಹೆಸರಲ್ಲೂ ಹುಡುಕಿ, ಬಿಡಿಯಾಗಿ ಬಂದ ಹಾಡುಗಳನ್ನ, ಅಂದ್ರೆ ಸಿಂಗಲ್ಸ್, ನೋಡಿ, ಬಾಕ್ಸ್ ಸೆಟ್ ಪಟ್ಟಿ ಕೊನೇ ತನಕ ಓದಿ.

ಇದು ಜಾಸ್ತಿ ಉಪಯೋಗ ಆಗೋದು 'ಝಬ್ರಿಸ್ಕಿ ಪಾಯಿಂಟ್'ಗೆ. 1970ರ ಈ ಸಿನಿಮಾಗೆ ಡೈರೆಕ್ಟರ್ ಆಂಟೋನಿಯೋನಿ ಇವರನ್ನ ರೋಮ್‌ಗೆ ಕರೆಸಿ ಎಷ್ಟೊಂದು ಮ್ಯೂಸಿಕ್ ಮಾಡಿಸಿ ಕೊನೆಗೆ ಇಟ್ಕೊಂಡಿದ್ದು ಮೂರೇ ಮೂರು, ಅದೂ ಬೇರೆಯವರ ಹಾಡುಗಳ ಜೊತೆ ಇರೋ ಸೌಂಡ್‌ಟ್ರ್ಯಾಕ್‌ನಲ್ಲಿ. ಅದರಲ್ಲಿ 'ಕಮ್ ಇನ್ ನಂಬರ್ 51' ಹಾಡನ್ನ ಸೀನ್ ಜೊತೆಗೇ ನೋಡಿ. ಮರುಭೂಮಿಯ ಬಂಗಲೆ ಸಿಡಿದು ಫ್ರಿಜ್ಜು, ಬಟ್ಟೆ, ಬ್ರೆಡ್ಡು, ಪುಸ್ತಕ ಎಲ್ಲ ನಿಧಾನಕ್ಕೆ ತೇಲ್ತಾ ಇರುತ್ತೆ, ಹಿಂದೆ ಈ ಮ್ಯೂಸಿಕ್. ಇನ್ನು ಆಂಟೋನಿಯೋನಿ ಬೇಡ ಅಂದಿದ್ರಲ್ಲಿ ರಿಕ್ ರೈಟ್ ಗಲಭೆ ಸೀನ್‌ಗೆ ಮಾಡಿದ್ದ ಒಂದು ಪಿಯಾನೋ ಟ್ಯೂನ್ ಇತ್ತು, ತೀರಾ ದುಃಖದ್ದು, ಚರ್ಚ್ ನೆನಪಾಗುತ್ತೆ ಅಂತ ಅವರಿಗೆ ಹಿಡಿಸ್ಲಿಲ್ಲ. ಅದೇ ಟ್ಯೂನ್ 1973ರಲ್ಲಿ 'ಡಾರ್ಕ್ ಸೈಡ್'ನ 'ಅಸ್ ಅಂಡ್ ದೆಮ್' ಹಾಡಾಯ್ತು! 'ಅರ್ಲಿ ಇಯರ್ಸ್' ಒಳಗೆ 'ದ ರಯಟ್ ಸೀನ್' ಅಂತ ಇದೆ, ಅದನ್ನ ಕೇಳಿ ಕೈ ತೆಗೀದೆ 'ಅಸ್ ಅಂಡ್ ದೆಮ್' ಹಾಕಿ. ನನಗಂತೂ ಮೈ ಜುಂ ಅಂದಿತ್ತು.

ಈಗ ನನಗೆ ತುಂಬಾ ಇಷ್ಟದ್ದು, 'ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್'. ಇದೂ ಶ್ರೋಡರ್ ಸಿನಿಮಾಗೇ, ಹೆಸರು 'ಲಾ ವಾಲೆ', 1972. ಪಪುವಾ ನ್ಯೂಗಿನಿಯಲ್ಲಿ ಮ್ಯಾಪ್‌ನಲ್ಲೂ ಇಲ್ಲದ ಒಂದು ಕಣಿವೆ ಹುಡುಕಿ ಹೋಗೋರ ಕಥೆ. 'ಡಾರ್ಕ್ ಸೈಡ್' ಕೆಲಸ ನಡೀತಿರುವಾಗ್ಲೇ ಅದನ್ನ ಪಕ್ಕಕ್ಕಿಟ್ಟು ಪ್ಯಾರಿಸ್ ಹತ್ರ ಒಂದು ಹಳೇ ಬಂಗಲೆಯಲ್ಲಿದ್ದ ಸ್ಟುಡಿಯೋಗೆ ಹೋಗಿ, ಮಧ್ಯೆ ಜಪಾನ್ ಟೂರ್ ಬೇರೆ ಮುಗಿಸ್ಕೊಂಡು ಬಂದು ಮಾಡಿ ಮುಗಿಸಿದ್ರು. ಅವಸರದ ಕೆಲಸ ಅಂತ ಎಲ್ಲೂ ಅನ್ಸಲ್ಲ. 'ವಾಟ್ಸ್ ಅ ದ ಡೀಲ್' ಎಷ್ಟು ಚೆನ್ನಾಗಿದೆ ಅಂದ್ರೆ ಗಿಲ್ಮೋರ್ 2006ರ ಟೂರ್‌ನಲ್ಲಿ ಅದನ್ನ ಮತ್ತೆ ಹಾಡಿದ. 'ಬರ್ನಿಂಗ್ ಬ್ರಿಡ್ಜಸ್' ಆದ ಮೇಲೆ 'ಮಡ್‌ಮೆನ್' ಕೇಳಿ, ಅದೇ ಟ್ಯೂನ್ ಮಾತಿಲ್ಲದೆ ಬೇರೆ ನಡಿಗೆಯಲ್ಲಿ ಬರೋದು ಗೊತ್ತಾಗುತ್ತೆ. 'ಚೈಲ್ಡ್‌ಹುಡ್ಸ್ ಎಂಡ್' ಕೇಳ್ತಾ ಇದ್ರೆ 'ಡಾರ್ಕ್ ಸೈಡ್'ನ 'ಟೈಮ್' ಹಾಡು ಬಾಗಿಲಲ್ಲೇ ನಿಂತಿದೆ ಅನ್ಸುತ್ತೆ. ಕೊನೇ ಹಾಡು 'ಅಬ್ಸಲ್ಯೂಟ್ಲಿ ಕರ್ಟನ್ಸ್'ನ ಅರ್ಧಕ್ಕೆ ನಿಲ್ಲಿಸ್ಬೇಡಿ, ಬ್ಯಾಂಡ್ ಸುಮ್ಮನಾಗಿ ಅಲ್ಲಿನ ಮಾಪುಗಾ ಬುಡಕಟ್ಟಿನ ಜನರ ಹಾಡು ಉಳಿಯುತ್ತೆ.

'ಫ್ರೀ ಫೋರ್' ಮಾತ್ರ ಬೇರೆ ಎತ್ತಿಟ್ಕೊಳ್ಳಿ. ತಾಳ ಕುಣಿಯೋ ಹಾಗಿದೆ, ಆದ್ರೆ ಮಾತು ಸಾವಿನದ್ದು, ಬ್ಯಾಂಡ್‌ನ ಬೇಸ್ ಗಿಟಾರಿಸ್ಟ್ ರೋಜರ್ ವಾಟರ್ಸ್ ಎರಡನೇ ಮಹಾಯುದ್ಧದಲ್ಲಿ ಸತ್ತ ಅಪ್ಪನ್ನ ಇದರಲ್ಲಿ ನೆನೆಸ್ಕೊಳ್ತಾನೆ. ಅದನ್ನ ಕೇಳಿದ ಮೇಲೆ 1982ರ 'ದ ವಾಲ್' ಸಿನಿಮಾದ 'ವೆನ್ ದ ಟೈಗರ್ಸ್ ಬ್ರೋಕ್ ಫ್ರೀ' ಹಾಕಿ. 1979ರ 'ದ ವಾಲ್' ಆಲ್ಬಂನಲ್ಲಿ ಇದು ಇಲ್ಲ, ಸಿಂಗಲ್ ಆಗಿ ಬಂತು, ಆಮೇಲೆ 2004ರಲ್ಲಿ ಅವರದ್ದೇ 'ದ ಫೈನಲ್ ಕಟ್' ಆಲ್ಬಂನ ಮರುಬಿಡುಗಡೆಯಲ್ಲಿ ಸೇರ್ಸಿದ್ರು, ಅಲ್ಲೇ ಹುಡುಕಿ. 1944ರಲ್ಲಿ ಇಟಲಿಯ ಆಂಜಿಯೋದಲ್ಲಿ ಅಪ್ಪ ಸತ್ತಾಗ ವಾಟರ್ಸ್ ಇನ್ನೂ ಕೈಗೂಸು. ಹತ್ತು ವರ್ಷದ ಹಿಂದೆ ಕುಣಿಯೋ ತಾಳದಲ್ಲಿ ಹೇಳಿದ್ದನ್ನ ಇಲ್ಲಿ ಗಂಡಸರ ಕೋರಸ್ ಹಿಂದೆ ಇಟ್ಕೊಂಡು ನಿಧಾನಕ್ಕೆ, ಒಂದೊಂದೇ ಸಾಲು ಹೇಳ್ತಾನೆ. ಲಿರಿಕ್ಸ್ ಮುಂದೆ ಇಟ್ಕೊಂಡು ಕೇಳಿ, ಕೊನೇ ಸಾಲಿಗೆ ಅವನ ದನಿ ಏನಾಗುತ್ತೆ ಅಂತ ಗಮನ ಕೊಡಿ.