ಕೆಂಪು ನೆಲದ ಮನೆಗೆ ಬಣ್ಣ ಹುಡುಕಿದ್ದು

ಮೈಸೂರಿನ ನಮ್ಮ ಮನೆಯ ಹಜಾರ ಹನ್ನೆರಡು ವರ್ಷಗಳಿಂದ ಹೊಸ ಬಣ್ಣ ಕಂಡಿರಲಿಲ್ಲ. ಹಳೆಯ ಡಿಸ್ಟೆಂಪರ್‌ ಗೋಡೆಗೆ ಒರಗಿದವರ ಅಂಗಿಗೆಲ್ಲ ಬಿಳಿ ಪುಡಿ ಅಂಟುತ್ತಿತ್ತು. ಕಳೆದ ವರ್ಷ ದಸರೆಗೆ ಮುಂಚೆ ಬಣ್ಣ ಹೊಡೆಸಿಬಿಡೋಣ ಎಂದು ಅಂಗಡಿಗೆ ಹೋದವನು ಹತ್ತೇ ನಿಮಿಷದಲ್ಲಿ ತಿಳಿಹಸಿರೊಂದನ್ನು ಆರಿಸಿಕೊಂಡು ಬಂದೆ. ಶೇಡ್ ಕಾರ್ಡಿನಲ್ಲಿ ಅದು ಆಗಷ್ಟೇ ಬಿಚ್ಚಿಕೊಂಡ ಬಾಳೆಯ ಸುಳಿಯಂತೆ ಕಾಣುತ್ತಿತ್ತು. ಛಾವಣಿಗೆ ಬಿಳಿ. ಅದರಲ್ಲಿ ಯೋಚಿಸುವುದೇನಿದೆ ಎಂದುಕೊಂಡಿದ್ದೆ.

ಮೇಸ್ತ್ರಿ ಡಿಸ್ಟೆಂಪರನ್ನು ಪೂರ್ತಿ ಕೆರೆಸಿದರು. ಪುಡಿ ಏಳುವ ಗೋಡೆಯ ಮೇಲೆ ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆಂದು ಅವರ ಹಟ, ಅದು ಸರಿಯೂ ಹೌದು. ಪುಟ್ಟಿ, ಪ್ರೈಮರ್ ಮುಗಿದ ಮೇಲೆ ಎರಡಡಿ ಅಗಲದಷ್ಟು ಜಾಗಕ್ಕೆ ನನ್ನ ಹಸಿರನ್ನು ಬಳಿಸಿ ನೋಡಿದೆ. ಒಣಗಿದ ಮೇಲೆ ಅದಕ್ಕೆ ಬಂದದ್ದು ರಾಗಿ ಅಂಬಲಿಯ ಬಣ್ಣ.

ಅಂಗಡಿಯ ಯಂತ್ರ ತಪ್ಪು ಬೆರೆಸಿದೆ ಎಂದು ಕೂಗಾಡಿದೆ. ಡಬ್ಬದ ಮುಚ್ಚಳಕ್ಕೆ ಅಂಟಿದ್ದ ಬಣ್ಣವನ್ನು ಜಗಲಿಗೆ ಒಯ್ದು ನೋಡಿದರೆ, ಅಲ್ಲಿ ಅದು ಬಾಳೆಸುಳಿಯೇ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ಪೇಚು. ಹಿಂದಿನ ದಿನ ಬಿಳಿ ಹೊಡೆದಿದ್ದ ಛಾವಣಿ ನಸುಗೆಂಪಾಗಿ ಕಾಣುತ್ತಿತ್ತು. ಹಿಂದೆ ಎಲ್ಲೋ ಗುಲಾಬಿ ಬಣ್ಣ ಕಲಸಿದ ಬಕೆಟನ್ನೇ ತಂದಿದ್ದಾರೆಂದು ನನಗೆ ಅನುಮಾನ.

“ಡಬ್ಬ ಹೊಸದು ಸಾರ್, ಮುಚ್ಚಳ ನಿಮ್ಮೆದುರಿಗೇ ತೆಗೆದದ್ದು” ಎಂದರು ಮೇಸ್ತ್ರಿ.

ಅಮ್ಮ ಒಳಗಿನಿಂದ ಅಪ್ಪನ ಎರಡು ಹಳೆಯ ಬಿಳಿ ಪಂಚೆ ತಂದು, ಕಿಟಕಿಯಿಂದ ಬಿಸಿಲು ಬೀಳುವ ಕಡೆ ನೆಲಕ್ಕೆ ಹಾಸಿದಳು. ಬಣ್ಣದ ಹನಿ ಬೀಳದಿರಲಿ ಎಂದಷ್ಟೇ ಅವಳ ಉದ್ದೇಶ. ತಲೆಯೆತ್ತಿ ನೋಡುತ್ತೇನೆ, ಛಾವಣಿಯ ಕೆಂಪು ಮಾಯ! ಪಂಚೆ ಎಳೆದೆ, ಕೆಂಪು ಬಂತು. ಹಾಸಿದೆ, ಹೋಯಿತು. ಮೂರು ಸಲ ಹಾಗೇ ಮಾಡಿದೆ. ಮೇಸ್ತ್ರಿಯವರೂ ಬ್ರಷ್ ಕೆಳಗಿಟ್ಟು ನೋಡುತ್ತಾ ನಿಂತರು.

ನಮ್ಮದು ರೆಡ್ ಆಕ್ಸೈಡ್ ನೆಲ. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಪೂರ್ವದ ಕಿಟಕಿಯ ಬಿಸಿಲು ಮೊದಲು ಬೀಳುವುದು ಅದರ ಮೇಲೆ, ಅದು ಹಿಂದಿರುಗಿಸುವುದು ಹೆಚ್ಚಾಗಿ ಕೆಂಪು ಬೆಳಕನ್ನೇ. ನೇರ ಎದುರಿಗಿರುವ ಛಾವಣಿ ಅದನ್ನು ಹಿಡಿದುಕೊಳ್ಳುತ್ತದೆ, ಗೋಡೆಯ ಕೆಳಭಾಗಕ್ಕೂ ಪಾಲು ಸಿಗುತ್ತದೆ. ಹಸಿರು ಬಣ್ಣ ಕೆಂಪು ಬೆಳಕನ್ನು ನುಂಗಿಕೊಳ್ಳುವಂಥದ್ದು. ಹಾಗಾಗಿ ನನ್ನ ಬಾಳೆಸುಳಿ ಆ ಬೆಳಕಿನಲ್ಲಿ ಬೂದಿಗಟ್ಟಿತ್ತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಇದೆಲ್ಲ ಗೊತ್ತಾಗುವ ಬಗೆ ಹೇಗೆ?

ಆಮೇಲೆ ಗೋಡೆಗೆ ನೇರವಾಗಿ ಬಳಿದು ನೋಡುವುದನ್ನು ಬಿಟ್ಟೆ. ನಾಲ್ಕು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಒಂದೊಂದಕ್ಕೂ ಒಂದೊಂದು ಬಣ್ಣ ಎರಡು ಕೋಟ್ ಬಳಿದು, ಸುತ್ತ ಎರಡು ಬೆರಳು ಬಿಳಿ ಬಿಟ್ಟೆ. ಆ ಅಂಚು ಇಲ್ಲದಿದ್ದರೆ ಪಕ್ಕದ ಹಳೆಯ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ಹಾಳೆಗಳನ್ನು ಕಿಟಕಿಯ ಪಕ್ಕ, ಕಿಟಕಿಯ ಎದುರು, ಮೂಲೆಯಲ್ಲಿ, ನೆಲಕ್ಕೆ ತಾಗಿಸಿ, ಹೀಗೆ ಜಾಗ ಬದಲಿಸುತ್ತಾ ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ದೀಪ ಹಾಕಿದ ಮೇಲೆ ನೋಡಿದೆ. ಹಸಿಯಾಗಿದ್ದಾಗ ತೀರ್ಮಾನ ಮಾಡಬಾರದು. ಸುಣ್ಣ ಒಣಗಿದಂತೆ ಬೆಳ್ಳಗಾಗುತ್ತದೆ, ಎಮಲ್ಷನ್ ಒಣಗಿದಂತೆ ಒಂದು ಗುಲಗಂಜಿ ಗಾಢವಾಗುತ್ತದೆ. ರಾತ್ರಿ ಮಾತ್ರ ಎಲ್ಲ ಹಾಳೆಯೂ ಸಪ್ಪೆ. ದೋಷ 6500 ಕೆಲ್ವಿನ್‌ನ, ಅಂದರೆ ನೀಲಿ ಬೆರೆತ ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬಿನದು. ಅದಕ್ಕಿಂತ ಬೆಚ್ಚಗಿನ ಬೆಳಕಿನ 4000ದ್ದನ್ನು ಹಾಕಿದ ಮೇಲೆ ಗೋಡೆಗೆ ಜೀವ ಬಂತು.

ಕೆಲವು ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ (ಲೈಟ್ ರಿಫ್ಲೆಕ್ಟೆನ್ಸ್ ವ್ಯಾಲ್ಯೂ) ಎಂಬ ಸಂಖ್ಯೆ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕ, ಕಪ್ಪಿಗೆ 0, ಬಿಳಿಗೆ 100. ನಮ್ಮ ಹಜಾರಕ್ಕೆ ಕಿಟಕಿ ಎರಡೇ, ಆದ್ದರಿಂದ 70ಕ್ಕಿಂತ ಕೆಳಗಿಳಿಯಲಿಲ್ಲ. ಕೊನೆಗೆ ಉಳಿದದ್ದು ಕೆನೆಹಾಲಿನಂಥ, ಹಳದಿಯ ಸುಳಿವು ಮಾತ್ರ ಇರುವ ಬಿಳಿ. ಅದರ ಮೇಲೆ ನೆಲದ ಕೆಂಪು ಬಿದ್ದರೂ ಕೊಳಕಾಗುವುದಿಲ್ಲ, ಸ್ವಲ್ಪ ಬೆಚ್ಚಗಾಗುತ್ತದೆ ಅಷ್ಟೆ.

ಛಾವಣಿಗೆ ಮೇಸ್ತ್ರಿ ಒಂದು ಉಪಾಯ ಹೇಳಿದರು. ಹಿಂದೆ ಸುಣ್ಣಕ್ಕೆ ನೀಲಿ ಬೆರೆಸುತ್ತಿದ್ದಂತೆ ಬಿಳಿಗೆ ಎರಡು ತೊಟ್ಟು ನೀಲಿ ಸ್ಟೇನರ್ ಹಾಕೋಣ, ಕೆಂಪು ಮುರಿಯುತ್ತದೆ ಎಂದು. ಮೂಲೆಯಲ್ಲಿ ಬಳಿದು ನೋಡಿದೆವು. ಬೆಳಿಗ್ಗೆ ಚೆನ್ನಾಗಿತ್ತು, ರಾತ್ರಿ ಮಳೆಮೋಡದಂತಾಯಿತು. ಬೇಡವೆಂದೆ. ಬರೀ ಬಿಳಿಯೇ ಇರಲಿ, ಹೊಳಪಿಲ್ಲದ್ದು ಇರಲಿ. ಹೊಳಪಿನ ಬಣ್ಣ ಹೊಡೆದರೆ ಸ್ಲ್ಯಾಬಿನ ಸೆಂಟ್ರಿಂಗ್ ಹಲಗೆಯ ಗುರುತುಗಳೆಲ್ಲ ಫ್ಯಾನಿನ ಸುತ್ತ ಎದ್ದು ಕಾಣುತ್ತವೆ. ಅಡುಗೆಮನೆಗೆ ಮಾತ್ರ ತೊಳೆಯಬಹುದಾದದ್ದು ಹಾಕಿಸಿದೆ, ಒಗ್ಗರಣೆಯ ಹೊಗೆ ಅಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಒಂದು ವಿಷಯದಲ್ಲಿ ನಾನು ಸೋತೆ. ಛಾವಣಿಯ ಬಿಳಿಯನ್ನು ಗೋಡೆಯ ಮೇಲೆ ನಾಲ್ಕು ಇಂಚು ಕೆಳಗಿಳಿಸಿ ದಾರ ಹಿಡಿದು ಗೆರೆ ಹೊಡೆಯುವ ರೂಢಿ ಮೇಸ್ತ್ರಿಯದು. ಹಳೆಯ ಮನೆಯಲ್ಲಿ ಗೋಡೆ ಛಾವಣಿ ಸೇರುವ ಮೂಲೆ ಹಾವಿನಂತೆ ಹರಿದಿರುತ್ತದೆ, ಪಟ್ಟಿ ಅದನ್ನು ಮುಚ್ಚುತ್ತದೆ. ನಿಜ. ಆದರೆ ನಡುಮನೆಯ ಗೋಡೆಗೆ ನಾನು ಗಾಢ ನೀಲಿ ಬೇಕೆಂದಿದ್ದೆ. ಅಲ್ಲಿ ಆ ಬಿಳಿ ಪಟ್ಟಿ ಬಂದು ಒಂಬತ್ತೂವರೆ ಅಡಿಯ ಗೋಡೆ ಇನ್ನಷ್ಟು ಕುಳ್ಳಗಾಯಿತು. ಹಜಾರದಲ್ಲಿ ಎರಡೂ ಬಣ್ಣ ಹತ್ತಿರದವಾದ್ದರಿಂದ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ.

ಲೆಕ್ಕ ಬೇಕಾದವರಿಗೆ: 12x16 ಅಡಿಯ ಹಜಾರದ ಛಾವಣಿಗೆ ಎರಡು ಕೋಟ್‌ಗೆ ಮೂರು ಲೀಟರ್, ಗೋಡೆಗಳಿಗೆ ಏಳು ಲೀಟರ್ ಹಿಡಿಯಿತು. ಗೋಡೆಯ ಬಣ್ಣವನ್ನೆಲ್ಲ ಒಂದೇ ದಿನ ಬೆರೆಸಿ ತಂದೆ. ಕೋಡ್ ಸಂಖ್ಯೆಯನ್ನು ಬೀರುವಿನ ಬಾಗಿಲ ಒಳಮೈಗೆ ಬರೆದಿಟ್ಟಿದ್ದೇನೆ.

ಎಲ್ಲ ಮುಗಿದ ವಾರಕ್ಕೆ ಅಮ್ಮ ಪೂರ್ವದ ಕಿಟಕಿಗೆ ತೆಳುವಾದ ಹಸಿರು ಪರದೆ ತಂದು ಹಾಕಿದಳು. ಈಗ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಕಿಟಕಿ ಪಕ್ಕದ ಗೋಡೆ ಬಾಳೆಸುಳಿಯ ಬಣ್ಣಕ್ಕೆ ತಿರುಗುತ್ತದೆ.