ಅಳಿಸಿದ್ದು ಬ್ಯಾಕಪ್‌ನಲ್ಲೂ ಅಳಿಸಿಹೋಗಿತ್ತು

ಗದಗ ಮೊದಲಿನಿಂದಲೂ ಪ್ರಿಂಟಿಂಗ್‌ಗೆ ಹೆಸರಾದ ಊರು. ಅಲ್ಲಿನ ಒಂದು ಪ್ರೆಸ್ಸಿನ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಲಿನಕ್ಸ್ ಮೇಲೆ ಸಾಂಬಾ (ಸರ್ವರಿನ ಫೋಲ್ಡರನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ಕಾಣಿಸುವ ಸಾಫ್ಟ್‌ವೇರ್), ಡಿಸೈನಿನ ಫೈಲೆಲ್ಲ ಆ ಸರ್ವರಿನಲ್ಲೇ. ಎರಡು ಡಿಸ್ಕ್ ರೇಡ್ 1ರಲ್ಲಿದ್ದವು, ಅಂದರೆ ಒಂದರಲ್ಲಿ ಆದದ್ದೆಲ್ಲ ಆಗಲೇ ಇನ್ನೊಂದರಲ್ಲೂ ಆಗುತ್ತದೆ. ಜೊತೆಗೆ ದಿನಾ ರಾತ್ರಿ 2 ಗಂಟೆಗೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಂ) ಆರ್‌ಸಿಂಕ್ ಎಂಬ ಕಾಪಿ ಪ್ರೋಗ್ರಾಂ ಓಡಿಸಿ ಮೂರನೇ ಡಿಸ್ಕಿಗೆ ಕಾಪಿ ಮಾಡುತ್ತಿತ್ತು. ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ.

ಲಗ್ನದ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಡಿಸೈನರ್ ಹುಡುಗ ಫೋನ್ ಮಾಡಿದ. "ಸರ್, ಲಗ್ನಪತ್ರಿಕಿ ಫೋಲ್ಡರ್ ಕಾಣವಲ್ದ್ರಿ, ನಿನ್ನೆ ಇತ್ರಿ." ಹಿಂದಿನ ಸಂಜೆ ಯಾರೋ ಜಾಗ ಖಾಲಿ ಮಾಡಲು ಹೋಗಿ ಅಳಿಸಿದ್ದರು. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ರೀಸೈಕಲ್ ಬಿನ್‌ಗೂ ಬರುವುದಿಲ್ಲ.

"ಬ್ಯಾಕಪ್ ಐತಲ್ರಿ, ತಗೀರಿ" ಅಂದರು ಮಾಲೀಕರು. ತೆಗೆದೆ. ಅಲ್ಲೂ ಇಲ್ಲ! ಆರ್‌ಸಿಂಕ್‌ಗೆ ನಾನು ಡಿಲೀಟ್ ಆಯ್ಕೆ ಹಾಕಿದ್ದೆ. ಮೂಲದಲ್ಲಿ ಇಲ್ಲದ್ದನ್ನು ಕಾಪಿಯಿಂದಲೂ ತೆಗೆ ಅಂತ ಅದರ ಅರ್ಥ. ರಾತ್ರಿ ಅದೇ ಕೆಲಸ ಆಗಿತ್ತು. ರೇಡ್ ಅಂತೂ ಅಳಿಸಿದ ಕ್ಷಣವೇ ಎರಡೂ ಡಿಸ್ಕಿನಿಂದ ಅಳಿಸಿರುತ್ತದೆ. ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಿರಲಿ ಅಂತಷ್ಟೇ ಅದು ಇರೋದು. ಕೈ ತಪ್ಪಿನಿಂದ ಹೋದದ್ದನ್ನು ಅದು ವಾಪಸ್ ಕೊಡಲ್ಲ.

ಕಡೆಗೆ ನೆನಪಾಗಿದ್ದು ಪಕ್ಕದ ಬೆಟಗೇರಿಯಲ್ಲಿ ಮಾಲೀಕರ ಮನೆಯ ಬೀರುವಿನಲ್ಲಿದ್ದ ಪೋರ್ಟಬಲ್ ಡಿಸ್ಕ್. 11 ದಿನ ಹಳೆಯ ಕಾಪಿ. ಬೈಕಿನಲ್ಲಿ ಹೋಗಿ ತಂದೆ. ಸೀದಾ ಹಳೆ ಜಾಗಕ್ಕೆ ಸುರಿಯದೆ ಬೇರೆ ಫೋಲ್ಡರಿಗೆ ಇಳಿಸಿದೆ. ಆರ್‌ಸಿಂಕ್‌ಗೆ ಕೊಟ್ಟ ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ (/) ಹಾಕದ್ದಕ್ಕೆ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಬಂತು, ಅದನ್ನು ಸರಿ ಮಾಡಿದೆ. ಹುಡುಗರು ಫೈಲ್ ತೆರೆದರು. ಆದರೆ ಸೇವ್ ಆಗುತ್ತಿಲ್ಲ. ಪೋರ್ಟಬಲ್ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿತ್ತು. ಯಾವ ಫೈಲ್ ಯಾರದು, ಯಾರು ಬರೆಯಬಹುದು ಅನ್ನುವ ಲಿನಕ್ಸ್ ಮಾಹಿತಿ ಅದರಲ್ಲಿ ಉಳಿಯಲ್ಲ. ನಾನು ರೂಟ್ (ಲಿನಕ್ಸ್‌ನ ಅಡ್ಮಿನ್) ಆಗಿ ಇಳಿಸಿದ್ದರಿಂದ ಎಲ್ಲವೂ ರೂಟ್ ಹೆಸರಿಗೆ ಬಂದಿತ್ತು. ಫೈಲಿನ ಒಡೆತನ ಬದಲಿಸುವ ಚೌನ್ ಕಮಾಂಡ್ ಹೊಡೆದ ಮೇಲೆ ಸೇವ್ ಆಯಿತು. ನಡುವಿನ 11 ದಿನದ ಕೆಲಸವನ್ನು ಗ್ರಾಹಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಪ್ರೂಫ್ ನೋಡಿ ಮತ್ತೆ ಕೂಡಿಸಬೇಕಾಯಿತು. ಆ ಹುಡುಗರು ರಾತ್ರಿ ಕೂತು ಮಾಡಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು.

ಈಗ ಆರ್‌ಸಿಂಕ್‌ನ ಲಿಂಕ್-ಡೆಸ್ಟ್ ಆಯ್ಕೆ ಬಳಸುತ್ತೇನೆ. ದಿನಾ ರಾತ್ರಿ ಆ ತಾರೀಖಿನ ಹೆಸರಲ್ಲಿ ಹೊಸ ಫೋಲ್ಡರ್. ಬದಲಾಗದ ಫೈಲಿಗೆ ಹಾರ್ಡ್ ಲಿಂಕ್ (ಡಿಸ್ಕಿನಲ್ಲಿ ಆಗಲೇ ಇರುವ ಫೈಲಿಗೆ ಇನ್ನೊಂದು ಹೆಸರು) ಅಷ್ಟೇ, ಹಾಗಾಗಿ 30 ದಿನದ ಕಾಪಿ ಇಟ್ಟರೂ ಜಾಗ ಜಾಸ್ತಿ ಹಿಡಿಯಲ್ಲ. ಇದಕ್ಕೆ ಡಿಸ್ಕ್ ಇಎಕ್ಸ್‌ಟಿ4ನಂಥ ಲಿನಕ್ಸ್ ಫಾರ್ಮ್ಯಾಟ್‌ನಲ್ಲಿರಬೇಕು, ಎಕ್ಸ್‌ಫ್ಯಾಟ್‌ನಲ್ಲಿ ಹಾರ್ಡ್ ಲಿಂಕ್ ಇಲ್ಲ. ಬಿಲ್ಲಿಂಗ್ ಡೇಟಾಬೇಸ್‌ಗೆ ಮೊದಲು ಮೈಎಸ್‌ಕ್ಯೂಎಲ್ ಡಂಪ್, ಅಂದರೆ ಡೇಟಾ ಎಲ್ಲ ಒಂದು ಬೇರೆ ಫೈಲಿಗೆ ಬರೆಸಿಕೊಳ್ಳೋದು. ಡೇಟಾಬೇಸ್ ಓಡುತ್ತಿರುವಾಗಲೇ ಅದರ ಫೈಲ್ ಕಾಪಿ ಮಾಡಿದರೆ ವಾಪಸ್ ಹಾಕಿದಾಗ ತೆರೆಯುತ್ತದೆ ಅಂತ ನಂಬೋಕಾಗಲ್ಲ. ಪೋರ್ಟಬಲ್ ಡಿಸ್ಕ್ ಈಗ ಎರಡು. ಪ್ರತಿ ಶನಿವಾರ ಅದಲು ಬದಲು, ಒಂದು ಯಾವಾಗಲೂ ಬೆಟಗೇರಿಯಲ್ಲೇ.

ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡುತ್ತೇವೆ. ಯಾವ ಫೈಲ್ ಅಂತ ಹುಡುಗರೇ ಹೇಳಬೇಕು. ಮೊದಲ ಸಲ ಒಂದು ಗೃಹಪ್ರವೇಶದ ಪತ್ರಿಕೆ ಆರಿಸಿದರು. ಹೊಸ ಕಂಪ್ಯೂಟರ್‌ನಲ್ಲಿ ತೆರೆದೆವು. ಬಾರ್ಡರ್, ಗಣಪತಿ ಎಲ್ಲ ಸರಿ. ಕನ್ನಡ ಇರಬೇಕಾದ ಕಡೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸುವ ಹಳೆ ನುಡಿ ಫಾಂಟ್‌ಗಳು ಡಿಸೈನರ್‌ಗಳ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು, ಸರ್ವರ್‌ನಲ್ಲಿ ಇರಲಿಲ್ಲ. ಅವತ್ತೇ ಫಾಂಟ್ ಫೋಲ್ಡರನ್ನೂ ರಾತ್ರಿಯ ಪಟ್ಟಿಗೆ ಸೇರಿಸಿದೆ.