ಮರ ಹೋದ ಮೇಲೆ ಉಳಿಯುವ ಬೊಡ್ಡೆ: ಅಗೆಯುವುದೋ, ಕೊಳೆಸುವುದೋ?

ಮನೆಯಂಗಳದ ಮರವನ್ನು ಕಡಿಸಲೇಬೇಕಾಗಿ ಬಂದಾಗ ಕೂಲಿ ಎಷ್ಟು, ಸೌದೆ ಯಾರಿಗೆ, ಕೊಂಬೆಗಳನ್ನು ವಿದ್ಯುತ್ ತಂತಿಗೆ ತಾಗದಂತೆ ಇಳಿಸುವುದು ಹೇಗೆ ಎಂಬುದೆಲ್ಲ ಮೊದಲೇ ತೀರ್ಮಾನವಾಗುತ್ತದೆ; ಬೊಡ್ಡೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಸೌದೆಯ ಗಾಡಿ ಹೊರಟ ಮೇಲೆ ಏಳುತ್ತದೆ. ಆದರೆ ಬೊಡ್ಡೆಯ ಕೆಲಸ ಹಗುರವಾಗುವುದು ಗರಗಸ ಹಾಕುವ ಮುನ್ನ ನೀವು ಕೊಡುವ ಒಂದು ಸೂಚನೆಯಿಂದ. ಅಗೆದು ಕೀಳುವ ಉದ್ದೇಶವಿದ್ದರೆ ಮೂರು ನಾಲ್ಕು ಅಡಿ ಕಾಂಡವನ್ನು ಉಳಿಸಲು ಹೇಳಬೇಕು. ಮುಂದೆ ಬೊಡ್ಡೆಯನ್ನು ಅಲುಗಾಡಿಸಲು ಅದೇ ಸನ್ನೆಗೋಲಾಗುತ್ತದೆ. ಕೊಳೆಸುವ ಉದ್ದೇಶವಿದ್ದರೆ ನೆಲಕ್ಕೆ ಆದಷ್ಟು ಹತ್ತಿರ ಕತ್ತರಿಸಿಕೊಡಬೇಕು. ಅಡಿ, ಒಂದೂವರೆ ಅಡಿ ಎತ್ತರಕ್ಕೆ ಕಡಿದು ಬಿಟ್ಟ ಬೊಡ್ಡೆ ಈ ಎರಡೂ ದಾರಿಗೆ ಅಡ್ಡಿ.

ಮರ ಕಡಿಯಲು ಅನುಮತಿ ಬೇಕೆನ್ನುವ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಖಾಸಗಿ ನಿವೇಶನದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆಯಾದರೂ ನಿಮ್ಮ ಮರ ಅದರಲ್ಲಿ ಸೇರುತ್ತದೆಯೇ ಎಂಬುದನ್ನು ನಿಮ್ಮ ಪ್ರದೇಶದ ವೃಕ್ಷಾಧಿಕಾರಿಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಅನುಮತಿ ಪತ್ರವನ್ನು ಬೊಡ್ಡೆಯ ಕೆಲಸವೂ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಅಗೆಯುವುದೋ ಕೊಳೆಸುವುದೋ ಎಂಬುದನ್ನು ಬೊಡ್ಡೆ ಇರುವ ಜಾಗವೇ ನಿರ್ಧರಿಸಬೇಕು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೆಯ ಮನೆಗಳಲ್ಲಿ ಮರಗಳು ಹೆಚ್ಚಾಗಿ ಕಾಂಪೌಂಡಿಗೆ ಅಂಟಿಕೊಂಡೇ ಬೆಳೆದಿರುತ್ತವೆ ಮತ್ತು ಅವುಗಳ ಬೇರು ಸೈಜುಗಲ್ಲಿನ ತಳಪಾಯದ ಸಂದುಗಳೊಳಗೆ ಸೇರಿಕೊಂಡಿರುತ್ತದೆ. ಅಂಥ ಬೇರನ್ನು ಮೀಟಿದರೆ ಕಲ್ಲೂ ಅದರೊಂದಿಗೆ ಎದ್ದು ಬರುತ್ತದೆ. ಗೋಡೆ, ಸಂಪು, ಒಳಚರಂಡಿಯ ಚೇಂಬರ್ ಅಥವಾ ಮನೆಯ ತಳಪಾಯ ಐದಾರು ಅಡಿಯೊಳಗೆ ಇದ್ದರೆ ಕೊಳೆಸುವುದೇ ಸರಿ. ಬೊಡ್ಡೆ ತೋಟದ ನಡುವೆ ಇದ್ದು, ಕಾಂಡದ ದಪ್ಪ ಒಂದಡಿಯೊಳಗಿದ್ದರೆ ಅಗೆಯಬಹುದು. ಅದಕ್ಕೂ ಮೊದಲು ಕಾವೇರಿ ನೀರಿನ ಕೊಳವೆ, ನೆಲದಡಿಯ ವಿದ್ಯುತ್ ಕೇಬಲ್, ಅಡುಗೆ ಅನಿಲದ ಪೈಪು ಎಲ್ಲಿ ಹಾದುಹೋಗಿವೆ ಎಂಬುದನ್ನು ಮೀಟರುಗಳಿಂದ ಹಿಡಿದು ಗುರುತಿಸಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದುಕೊಳ್ಳಬೇಕು.

ಅಗೆಯಲು ಬೇಸಿಗೆಯ ಕೊನೆಯ ಒಂದೆರಡು ಒಳ್ಳೆಯ ಮಳೆಗಳ ನಂತರದ ದಿನಗಳು ಸೂಕ್ತ. ಬಿಸಿಲಿಗೆ ಬಿಗಿದುಕೊಂಡ ನಮ್ಮ ಕೆಂಪು ಮಣ್ಣು ಆಗ ಹಾರೆಗೆ ಬಗ್ಗುತ್ತದೆ. ಬುಡದಿಂದ ಎರಡಡಿ ದೂರದಲ್ಲಿ ಸುತ್ತಲೂ ಕಾಲುವೆ ತೋಡಿ, ಪಿಕಾಸಿಯನ್ನು ಬದಿಗಿಟ್ಟು, ಪೈಪಿನ ನೀರನ್ನು ಜೋರಾಗಿ ಬಿಟ್ಟು ಬೇರಿನ ಮಣ್ಣನ್ನು ತೊಳೆಯಿರಿ. ಮಣ್ಣು ಕರಗಿ ಕೆಳಗಿಳಿದಂತೆ ಯಾವ ಬೇರು ಎತ್ತ ಸಾಗಿದೆ, ಯಾವುದು ಇನ್ನೊಂದರ ಅಡಿಯಲ್ಲಿ ನುಸುಳಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ನಂತರ ಪ್ರತಿ ಬೇರನ್ನೂ ಎರಡು ಕಡೆ ಕತ್ತರಿಸಿ ನಡುವಿನ ತುಂಡನ್ನು ತೆಗೆಯಬೇಕು. ಒಂದೇ ಕಡೆ ಕಡಿದರೆ ಬೊಡ್ಡೆಯನ್ನು ಅಲುಗಿಸುವಾಗ ಕಡಿದ ತುದಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮಣ್ಣು ಮೆತ್ತಿದ ಬೇರಿಗೆ ಯಂತ್ರದ ಗರಗಸ ಹಾಕಿದರೆ ಅದರ ಹಲ್ಲು ಕ್ಷಣದಲ್ಲಿ ಮೊಂಡಾಗುತ್ತದೆ, ಕೊಡಲಿಯೇ ವಾಸಿ. ಪಕ್ಕದ ಬೇರುಗಳೆಲ್ಲ ಬಿಡಿಸಿಕೊಂಡ ಮೇಲೆ ಉಳಿಸಿದ ಕಾಂಡವನ್ನು ಹಿಡಿದು ನಾಲ್ಕೂ ದಿಕ್ಕಿಗೆ ತೂಗಾಡಿಸಿ, ಅಡಿಯ ಬೇರು ಕಂಡ ಕೂಡಲೇ ಅದನ್ನೂ ಕಡಿಯಬೇಕು. ಚೈನ್ ಬ್ಲಾಕ್ ಹಾಕಿ ಎಳೆಯುವವರು ಅದರ ಇನ್ನೊಂದು ಕೊನೆಯನ್ನು ಗೇಟಿನ ಕಂಬಕ್ಕೋ ಕಾಂಪೌಂಡಿಗೋ ಕಟ್ಟಕೂಡದು; ಬೊಡ್ಡೆಗಿಂತ ಮೊದಲು ಕಂಬವೇ ಬೀಳುವ ಸಂಭವವಿದೆ. ಹಳೆಯ ಬೊಡ್ಡೆಯ ಪೊಟರೆಯಲ್ಲಿ ಚೇಳು, ಹಾವು ಸೇರಿಕೊಂಡಿರಬಹುದಾದ್ದರಿಂದ ದಪ್ಪ ಕೈಗವಸು ಮತ್ತು ಗಂಬೂಟು ಹಾಕಿಕೊಂಡೇ ಕೆಲಸಕ್ಕೆ ಇಳಿಯಬೇಕು.

ಮೂವತ್ತು ನಲವತ್ತರ ನಿವೇಶನಗಳೇ ಹೆಚ್ಚಿರುವ, ಜೆಸಿಬಿ ಒಳಗೆ ಬರಲು ದಾರಿಯೇ ಇಲ್ಲದ ಈ ಊರಿನಲ್ಲಿ ಕೊಳೆಸುವ ವಿಧಾನಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮರವನ್ನು ತಿಂದು ಮಣ್ಣಾಗಿಸುವುದು ಶಿಲೀಂಧ್ರ. ಅದಕ್ಕೆ ತೇವ, ಗಾಳಿ, ಸಾರಜನಕ ಮೂರೂ ಬೇಕು. ಮರದಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ತೀರಾ ಕಡಿಮೆ ಇರುವುದರಿಂದ ಸುಮ್ಮನೆ ಬಿಟ್ಟ ಬೊಡ್ಡೆ ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ಬೊಡ್ಡೆಯ ತಲೆಯ ಮೇಲೆ ನಾಲ್ಕೈದು ಅಂಗುಲಕ್ಕೊಂದರಂತೆ, ಒಂದು ಅಂಗುಲ ಅಗಲ ಮತ್ತು ಎಂಟು ಹತ್ತು ಅಂಗುಲ ಆಳದ ರಂಧ್ರಗಳನ್ನು ಡ್ರಿಲ್‌ನಿಂದ ಕೊರೆಸಿ, ಪ್ರತಿಯೊಂದಕ್ಕೂ ಒಂದು ಹಿಡಿ ಯೂರಿಯಾ ಹಾಕಿ, ಮೇಲೆ ಸಗಣಿ ಬಗ್ಗಡ ಸುರಿಯಬೇಕು. ರಂಧ್ರಗಳನ್ನು ತೆರೆದಿಟ್ಟರೆ ನೀರು ನಿಂತು ಸೊಳ್ಳೆಯ ಮರಿಗಳಾಗುತ್ತವೆ. ಡೆಂಗಿಯ ಭಯವಿರುವ ಊರಿನಲ್ಲಿ ಇದನ್ನು ಅಲಕ್ಷಿಸುವಂತಿಲ್ಲ. ಹಾಗಾಗಿ ರಂಧ್ರಗಳನ್ನು ಗೊಬ್ಬರ ಬೆರೆಸಿದ ಮಣ್ಣಿನಿಂದ ತುಂಬಿ, ಬೊಡ್ಡೆಯ ಮೇಲೆ ಹಸಿ ಗೋಣಿಚೀಲ ಹೊದಿಸಿ, ಅದರ ಮೇಲೆ ನಾಲ್ಕು ಅಂಗುಲ ಮಣ್ಣು ಹಾಗೂ ತರಗೆಲೆ ಹರಡಬೇಕು. ಮುಂಗಾರಿಗೆ ಮುನ್ನ ಇಷ್ಟು ಮಾಡಿಟ್ಟರೆ ಸೆಪ್ಟೆಂಬರ್, ಅಕ್ಟೋಬರ್‌ವರೆಗಿನ ಮಳೆ ಉಳಿದ ಕೆಲಸವನ್ನು ನೋಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ವಾರಕ್ಕೊಂದೆರಡು ಬಾರಿ ನೀರು ಹಾಕಬೇಕಾಗುತ್ತದೆ. ಕೆಲವು ತಿಂಗಳ ನಂತರ ತೊಗಟೆಯನ್ನು ಎಬ್ಬಿಸಿ ನೋಡಿದರೆ ಅದರಡಿಯಲ್ಲಿ ಬಿಳಿಯ ನೂಲಿನ ಜಾಲ ಹರಡಿರುತ್ತದೆ, ಉಗುರಿನಿಂದ ಕೆರೆದರೆ ಮರ ಎಳೆಎಳೆಯಾಗಿ ಬಿಡುತ್ತದೆ. ನುಗ್ಗೆಯಂಥ ಮೆದು ಮರ ಒಂದೇ ಮಳೆಗಾಲದಲ್ಲಿ ಕುಸಿಯಬಹುದು. ಮಾವು, ಬೇವು, ಹೊಂಗೆಗೆ ಕೆಲವು ವರ್ಷಗಳೇ ಹಿಡಿಯುತ್ತವೆ. ಮನೆಯ ಗೋಡೆಗೆ ಒತ್ತಿಕೊಂಡಿರುವ ಬೊಡ್ಡೆಗೆ ಗೆದ್ದಲು ಹತ್ತುತ್ತಿದೆಯೇ ಎಂದು ಆಗಾಗ ಪರೀಕ್ಷಿಸಿ, ಮಣ್ಣಿನ ಗೂಡುಸಾಲು ಗೋಡೆಯ ಮೇಲೆ ಕಂಡರೆ ತಡಮಾಡದೆ ಕ್ರಮ ಕೈಗೊಳ್ಳಬೇಕು.

ಹೊಂಗೆ, ಬೇವು, ಸುಬಾಬುಲ್, ನೀಲಗಿರಿ, ಅತ್ತಿ ಮುಂತಾದವು ಕಡಿದ ಮೇಲೂ ಚಿಗುರುತ್ತವೆ. ತೊಗಟೆಯೂ ಮರವೂ ಕೂಡುವ ಗೆರೆಯಿಂದ ತಾಮ್ರವರ್ಣದ ಎಳೆ ಚಿಗುರು ಒತ್ತೊತ್ತಾಗಿ ಹೊರಡುತ್ತದೆ. ಅದನ್ನು ಎಲೆ ಬಿಚ್ಚುವ ಮೊದಲೇ, ವಾರವಾರವೂ ಬುಡಸಹಿತ ಮುರಿಯುತ್ತಿದ್ದರೆ ಬೇರಿನಲ್ಲಿ ಕೂಡಿಟ್ಟ ಪಿಷ್ಟವೆಲ್ಲ ಖರ್ಚಾಗಿ ಬೊಡ್ಡೆ ಸಾಯುತ್ತದೆ. ಕಳೆನಾಶಕ ಹಚ್ಚುವುದು ಸುಲಭವೆನಿಸಬಹುದು. ಆದರೆ 2022ರ ಅಕ್ಟೋಬರ್‌ನಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆ ಗ್ಲೈಫೊಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿದೆ. ಅಲ್ಲದೆ ಒಂದೇ ಜಾತಿಯ ಅಕ್ಕಪಕ್ಕದ ಮರಗಳ ಬೇರುಗಳು ಬೆಸೆದುಕೊಂಡಿದ್ದರೆ ಔಷಧ ಪಕ್ಕದ ಮರಕ್ಕೂ ಹರಿಯಬಹುದು.

ತೆಂಗಿನ ವಿಷಯ ಬೇರೆ. ಅದಕ್ಕೆ ತಾಯಿಬೇರಿಲ್ಲ, ಸುಳಿ ಹೋದ ಮೇಲೆ ಚಿಗುರುವುದೂ ಇಲ್ಲ. ಬೆರಳು ಗಾತ್ರದ ಅಸಂಖ್ಯ ಬೇರುಗಳನ್ನು ಸುತ್ತಲೂ ಹಾರೆಯಿಂದ ಕತ್ತರಿಸುತ್ತ ಹೋದರೆ ಬುಡ ಕಿತ್ತು ಬರುತ್ತದೆ. ಇದನ್ನು ಕೊಳೆಯಲು ಬಿಡಬಾರದು, ಏಕೆಂದರೆ ಕೊಳೆತ ತೆಂಗಿನ ಬೊಡ್ಡೆಯಲ್ಲಿ ರೈನೋಸರಸ್ ದುಂಬಿ ಮೊಟ್ಟೆಯಿಟ್ಟು ಅಕ್ಕಪಕ್ಕದ ತೆಂಗಿನ ಸುಳಿಗಳನ್ನು ಕೊರೆಯುತ್ತದೆ.

ಬೊಡ್ಡೆಗೆ ಮೈಲುತುತ್ತ ತುಂಬುವ ರೂಢಿಯನ್ನು ಬಿಡಬೇಕು. ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರವನ್ನು ಕೊಲ್ಲಲು ಬಳಸುವ ವಸ್ತುವೇ ಅದು. ಬೇರು ಸತ್ತರೂ ಮರವನ್ನು ಕೊಳೆಸಬೇಕಾದ ಶಿಲೀಂಧ್ರವೂ ಅದರೊಂದಿಗೆ ಸಾಯುತ್ತದೆ. ಹರಳುಪ್ಪು ಮಣ್ಣನ್ನು ಕೆಡಿಸುತ್ತದೆ, ಸೀಮೆಎಣ್ಣೆ ಮತ್ತು ಹಳೆಯ ಎಂಜಿನ್ ಆಯಿಲ್ ಅಂತರ್ಜಲದತ್ತ ಇಳಿಯುತ್ತವೆ. ಬೆಂಕಿಯಂತೂ ಬೇಡವೇ ಬೇಡ. ಮೇಲೆ ಆರಿದಂತೆ ಕಂಡ ಕೆಂಡ ಬೇರಿನ ಜಾಡು ಹಿಡಿದು ನೆಲದಡಿಯಲ್ಲಿ ದಿನಗಟ್ಟಲೆ ಹೊಗೆಯಾಡುತ್ತ ಕೇಬಲ್ಲನ್ನೋ ಪಕ್ಕದ ಗಿಡವನ್ನೋ ಮುಟ್ಟಬಲ್ಲದು.

ಬೊಡ್ಡೆ ಕಿತ್ತ ಗುಂಡಿಯನ್ನು ಅರ್ಧ ಅಡಿಗೊಮ್ಮೆ ನೀರು ಹಾಕಿ ದಿಮ್ಮಸಿನಿಂದ ಬಡಿದು, ಕೆಂಪು ಮಣ್ಣಿನಿಂದ ನೆಲಕ್ಕಿಂತ ತುಸು ಎತ್ತರಕ್ಕೆ ತುಂಬಿಸಿ. ಮರದ ಚೂರು, ಹೊಟ್ಟನ್ನು ಅದರಲ್ಲಿ ಬೆರೆಸಿದರೆ ಅವು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುವುದರಿಂದ ಹೊಸ ಗಿಡ ಹಳದಿಯಾಗುತ್ತದೆ. ಅವುಗಳನ್ನು ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಕಬಹುದು. ಬೊಡ್ಡೆಯ ಬದಿಯಲ್ಲಿ ಬಿಳಿ ಅಂಚಿನ, ಮೆರುಗೆಣ್ಣೆ ಹಚ್ಚಿದಂತೆ ಹೊಳೆಯುವ ಕಂದು ಅಣಬೆ ಕಂಡಿದ್ದರೆ ಅದು ಬೇರುಕೊಳೆ ತರುವ ಗ್ಯಾನೊಡರ್ಮಾ ಆಗಿರುವ ಸಾಧ್ಯತೆ ಹೆಚ್ಚು; ಅಂಥ ಜಾಗದಲ್ಲಿ ಸಿಕ್ಕ ಬೇರನ್ನೆಲ್ಲ ಆರಿಸಿ ತೆಗೆಯಬೇಕು ಮತ್ತು ಸದ್ಯಕ್ಕೆ ಅಲ್ಲಿ ಮರ ನೆಡಬಾರದು. ಇಂಟರ್‌ಲಾಕ್ ಇಟ್ಟಿಗೆ ಹಾಸಬೇಕೆನ್ನುವವರು ಒಂದು ಮಳೆಗಾಲ ಕಳೆದು ಮಣ್ಣು ಕುಳಿತ ಮೇಲೆ ಹಾಸಿಸಲಿ. ಬದಲಿಗೆ ಮರ ಬೆಳೆಸುವವರು ಹಳೆಯ ಗುಂಡಿಯಿಂದ ಐದಾರು ಅಡಿ ಸರಿದು, ಗೋಡೆ ಮತ್ತು ತಂತಿಯಿಂದ ಸಾಕಷ್ಟು ದೂರದಲ್ಲಿ, ಜೂನ್ ಅಥವಾ ಜುಲೈನಲ್ಲಿ ಹೊಸ ಸಸಿಯನ್ನು ನೆಡಲಿ.